ಎಲೆ ತೊಳೆದಿದ್ರಾ?

ಸಿದ್ದಾಪುರದ ನರ್ಸರಿ ಸಾಲಿನಲ್ಲಿ ನಮ್ಮದು ಮೂರನೇ ಶೆಡ್ಡು.
ಅಪ್ಪ ಕುಂಡಕ್ಕೆ ಬೆರಳಿಳಿಸಿ ಗಿಡದ ಬಾಯಾರಿಕೆ ಅಳೆಯುತ್ತಿದ್ದ.
ನಾನು ಕಲಿತದ್ದು ಎಲೆಗೆ ಹೊಳಪು ಹೊಡೆದು ಮಾರುವುದನ್ನ:
ಔಷಧಿ ಒಂದು ಮುಚ್ಚಳ, ಎಣ್ಣೆ ಒಂದು ಮುಚ್ಚಳ,
ಒಂದು ಬಕೆಟ್ ನೀರು.
ದಾಸವಾಳ ಮದುಮಗಳ ಹಾಗೆ ನಿಲ್ಲುತ್ತಿತ್ತು.

ಅಂಥದ್ದೊಂದನ್ನ, ಎರಡು ಮನಿ ಪ್ಲಾಂಟಿನ ಜೊತೆ,
ಕಗ್ಗಲೀಪುರದಾಚೆಯ ಪ್ರಾಣಿ ಆಸ್ಪತ್ರೆಗೆ ಟೆಂಪೋ ಹತ್ತಿಸಿದ್ದೆ.
ಗೋಸುಂಬೆಯ ಗೂಡಿಗಂತೆ. ನಕ್ಕಿದ್ದೆ.
ಬಿಲ್ಲು ಏಳುನೂರ ಇಪ್ಪತ್ತು, ಬಾಡಿಗೆ ಬೇರೆ.

ಹತ್ತು ದಿನಕ್ಕೆ ಡಾಕ್ಟರ್ ನಫೀಸಾ ಫೋನು.
ಬೈಯಲಿಲ್ಲ. ಕೇಳಿದ್ದು ಒಂದೇ:
"ಅಶ್ವತ್ಥಮ್ಮ, ಎಲೆ ತೊಳೆದಿದ್ರಾ?"

ಅದು ಬಟ್ಟಲಿನ ನೀರು ಮುಟ್ಟುವುದಿಲ್ಲವಂತೆ.
ನಿಂತ ನೀರು ಅದರ ಕಣ್ಣಿಗೆ ನೀರೇ ಅಲ್ಲ.
ಎಲೆತುದಿಯಲ್ಲಿ ತೂಗುವ, ಮಿನುಗುವ, ಇನ್ನೇನು ಬೀಳುವ
ಹನಿಯೇ ಬೇಕು.
ನನ್ನ ಹೊಳಪಿನ ಮೇಲೆ ಹನಿ ಎಷ್ಟು ಚೆಂದ ಕೂತಿರಬೇಕು!

ಓತಿಕ್ಯಾತನಿಗೆ ಬೇಲಿ ಸಾಕ್ಷಿ ಅಂತಾರೆ.
ಇದಕ್ಕೆ ಸಾಕ್ಷಿ ಒಂದು ದಾಸವಾಳ,
ಮೂರು ಮೊಗ್ಗು ಬಿಟ್ಟುಕೊಂಡು
ಏನೂ ಆಗದ ಹಾಗೆ.

*

ಈಗ ಬುಧವಾರ, ಶನಿವಾರ ಎರಡು ಬಸ್ಸು ಹಿಡಿದು ನಾನೇ ಹೋಗುತ್ತೇನೆ.
ಏಳನೇ ಗೂಡಿನಲ್ಲಿ ಇನ್ನೊಂದಿದೆ.
ಅಂಜನಾಪುರದಲ್ಲಿ ಲೇಔಟಿಗೆಂದು ಕೆಡವಿದ ಹುಣಸೆಮರದಿಂದ
ಸಿಮೆಂಟು ಚೀಲದಲ್ಲಿ ಬಂದದ್ದು;
ಹಿಂಗಾಲಿಗೆ ಐಸ್‌ಕ್ರೀಂ ಕಡ್ಡಿ ಸೀಳಿ ಕಟ್ಟಿದ ಪಟ್ಟಿ.

ಗಿಡಗಳನ್ನು ಬುಡಸಮೇತ ಬಿಡಿಸಿದೆ.
ನರ್ಸರಿಯ ಕೆಮ್ಮಣ್ಣು ಬೇರಿಂದ ಉದುರಿಸಿ,
ಮೂರು ಸಲ ಜಾಲಿಸಿದ ತೆಂಗಿನ ನಾರಿನಲ್ಲಿ ಕೂರಿಸಿ,
ಮಣ್ಣು ಅದರ ಬಾಯಿಗೆ ಹೋಗದಂತೆ ಮೇಲೆ ಗುಂಡುಕಲ್ಲು ಹರಡಿದೆ.
ಆಮೇಲೆ ಕಾದೆ. ಹೊಳೆಯುವ ಹಳೆ ಎಲೆಗಳನ್ನೆಲ್ಲ ಚಿವುಟಿ,
ಇಲ್ಲೇ ಹುಟ್ಟಿದ ಎಲೆ ಬರಲೆಂದು
ಎರಡು ತಿಂಗಳು.

ಜಗಳ ಇರುವುದು ನೀರಿನದು.
ಅದರ ಗಂಟಲಿಗೆ ಸಾಕಾಗುವಷ್ಟು ಸಿಂಪಡಿಸಿದರೆ
ಗಿಡದ ಬೇರು ಕೊಳೆಯುತ್ತದೆ.
ಬುಡದೆಲೆ ಹಳದಿ ತಿರುಗಿತು, ಆಮೇಲೆ ಅದರ ಮೇಲಿನದು.
ಬಣ್ಣ ಬದಲಿಸುವುದು ಗೋಸುಂಬೆ ಅಂತ ಊರೆಲ್ಲ ಬೈಯುತ್ತೆ.
ನಾನು ದಿನಾ ಹೆದರುತ್ತಾ ನೋಡಿದ್ದು ಎಲೆಯ ಬಣ್ಣ.

ಕೊನೆಗೆ ಹಾಲಿನ ಪ್ಯಾಕೆಟ್ಟು ಕತ್ತರಿಸಿ
ಕಾಂಡದ ಸುತ್ತ ಇಳಿಜಾರಾಗಿ ಕಟ್ಟಿದೆ.
"ಗಿಡಕ್ಕೂ ರೈನ್‌ಕೋಟಾ?" ಅಂದ ಚೌಡಪ್ಪ.
ಹೂಂ ಕಣಪ್ಪ. ಮಳೆ ಬರೋದು ಗಿಡಕ್ಕಲ್ಲವಲ್ಲ.

ಬೋರ್‌ವೆಲ್ ನೀರು ಎಲೆಯ ಮೇಲೆ ಸುಣ್ಣದ ಚುಕ್ಕಿ ಇಡುತ್ತಿತ್ತು.
ಅದು ಮೂಸಿ ಹಿಂದೆ ಸರಿಯಿತು, ಅಥವಾ ನನಗೆ ಹಾಗನ್ನಿಸಿತು.
ಚಾವಣಿಯ ಮಳೆನೀರು ಡ್ರಮ್ಮಿಗೆ ಹಿಡಿದೆವು.
ಹಿಟ್ಟುತಿಗಣೆ ಬಂದರೆ ಹಳೇ ಹಲ್ಲುಜ್ಜುವ ಬ್ರಷ್ಷು,
ಎಲೆಯ ಹಿಂದೆ, ಗೆಣ್ಣಿನ ಸಂದಿ, ಒಂದೊಂದೇ.
ಒಂದು ಮುಚ್ಚಳ ಹಾಕಿದರೆ ಅರ್ಧ ದಿನದ ಕೆಲಸ, ಕೈಗೆ ಗೊತ್ತು.
ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತೇನೆ.

ಸಿಂಪಡಿಸಿದ ಮೇಲೆ ಯಾರೂ ನೋಡದಾಗ
ಒಂದು ಹನಿ ಮೊದಲು ನಾನೇ ನೆಕ್ಕುತ್ತೇನೆ.
ಕಹಿ ಇಲ್ಲ. ಎಣ್ಣೆ ಇಲ್ಲ.
ಅಪ್ಪನ ಬೆರಳು ನನಗೆ ಬಂದಿದ್ದು ನಾಲಿಗೆಯಲ್ಲಿ, ತಡವಾಗಿ.

ಮೊನ್ನೆ ಶನಿವಾರ ಕುಡಿಯಿತು.
ಹುಳಕ್ಕೆ ಚಿಮ್ಮುವ ನಾಲಿಗೆ ಇದಕ್ಕೆ ಚಿಮ್ಮಲಿಲ್ಲ.
ಮಗು ಚಮಚ ಕಚ್ಚುವಂತೆ ಎಲೆಯಂಚು ಹಿಡಿದು
ನಿಧಾನ, ಬಲು ನಿಧಾನ.
ಒಂದು ಕಣ್ಣು ಹನಿಯ ಮೇಲೆ.
ಇನ್ನೊಂದು ತಿರುಗಿ ತಿರುಗಿ
ನನ್ನ ಮೇಲೆ.

ಶೆಡ್ಡಿನಲ್ಲಿ ಗಿರಾಕಿಗಳು ಕೇಳುತ್ತಾರೆ,
ಪಕ್ಕದ ಅಂಗಡಿ ಗಿಡ ಫಳಫಳ ಅಂತದೆ,
ನಿಮ್ಮದ್ಯಾಕೆ ಹೀಗೆ ಮಂಕು?
ಇಪ್ಪತ್ತು ರೂಪಾಯಿ ಕಮ್ಮಿಗೇ ಕೊಡುತ್ತೇನೆ.
"ತೊಳೆದಿದೀನಿ" ಅಂತೀನಿ.
ಏನಂತ ಅವರಿಗೆ ಅರ್ಥವಾಗುವುದಿಲ್ಲ.